ಅರಳಿನ ಹದ

ಹೂವಿನ ಮೊಗ್ಗು ಬಿರಿದರೆ ಅದನ್ನು ನಾವು ‘ಅರಳಿತು’ ಎನ್ನುತ್ತೇವೆ. ಕಾದ ಬಾಣಲೆಯಲ್ಲಿ ಕಾಳು ಬಿರಿದು ಬೆಳ್ಳಗೆ ತೆರೆದುಕೊಂಡರೂ ‘ಅರಳಿತು’ ಎಂದೇ ಹೇಳುತ್ತೇವೆ. ಹಾಗೆ ಬಿರಿದ ಕಾಳಿಗೆ ‘ಅರಳು’ ಎಂದು ಹೆಸರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ‘ಅಳ್ಳು’. ಬೆಂಕಿಯ ಮೇಲೆ ನಡೆಯುವ ಇತರ ಕ್ರಿಯೆಗಳಿಗೆ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆ. ಅನ್ನ ಬೇಯುತ್ತದೆ, ಹಾಲು ಉಕ್ಕುತ್ತದೆ, ಸಾಸಿವೆ ಸಿಡಿಯುತ್ತದೆ, ಬೆಣ್ಣೆ ಕರಗುತ್ತದೆ. ಕಾಳು ಮಾತ್ರ ಹೂವಿನಂತೆ ಅರಳುತ್ತದೆ. ಈ ಹೆಸರನ್ನು ಇಟ್ಟವರು ಯಾರೋ ನಮಗೆ ತಿಳಿಯದು. ಒಲೆಯ ಮುಂದೆ ಕುಳಿತು, ಕಾಳು ಬಿರಿಯುವುದನ್ನು ಕಣ್ಣಿಟ್ಟು ನೋಡಿದವರೇ ಇಟ್ಟಿರಬೇಕು.

ಬೆಂಕಿಯ ಸಮೀಪಕ್ಕೆ ಬಂದ ವಸ್ತು ಒಣಗುವುದು, ಕಂದುವುದು, ಕಡೆಗೆ ಸುಟ್ಟು ಕರಿಯಾಗುವುದು ಸಾಮಾನ್ಯ ಧರ್ಮ. ಹೀಗಿರುವಾಗ ಒಂದು ಪುಟ್ಟ ಕಾಳು ಬೆಂಕಿಯ ತಾಪದಿಂದ ಹಲವು ಪಟ್ಟು ಹಿಗ್ಗಿ, ಮಲ್ಲಿಗೆಯಂತೆ ಬೆಳ್ಳಗಾಗುವುದು ಹೇಗೆ? ಒಂದು ಹಿಡಿ ಕಾಳಿನಲ್ಲಿ ಹೆಚ್ಚಿನವು ಅರಳಿದರೂ ಕೆಲವು ಹಾಗೆಯೇ ಉಳಿದುಬಿಡುವುದೇಕೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ನಮ್ಮ ಅಡುಗೆಮನೆಯ ಈ ಹಳೆಯ ವಿದ್ಯೆಯನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಕಾಳನ್ನು ಅರಳಿಸಿ ತಿನ್ನುವ ರೂಢಿ ನಮ್ಮ ನಾಡಿನ ಎಲ್ಲ ಭಾಗಗಳಲ್ಲಿಯೂ ಇದೆ. ಉತ್ತರ ಕರ್ನಾಟಕದಲ್ಲಿ ಶ್ರಾವಣಮಾಸದ ನಾಗರಪಂಚಮಿ ಸಮೀಪಿಸಿತೆಂದರೆ ಜೋಳದ ಅಳ್ಳು ಹುರಿಯುವ ಸಂಭ್ರಮ ಮೊದಲಾಗುತ್ತದೆ. ಅಳ್ಳನ್ನು ಬೀಸಿದರೆ ಬರುವ ಹಿಟ್ಟೇ ‘ಅಳ್ಳಿಟ್ಟು’. ದಕ್ಷಿಣದ ರಾಗಿಯ ಸೀಮೆಯಲ್ಲಿ ರಾಗಿಯನ್ನು ಅರಳಿಸಿ ಬೀಸಿ ಹುರಿಹಿಟ್ಟು ಮಾಡುತ್ತಾರೆ. ಹಾಲು ಬೆಲ್ಲಗಳೊಡನೆ ಕಲಸಿದರೆ ಅದು ಬೇರೆ ಅಡುಗೆಯ ಹಂಗಿಲ್ಲದ ಆಹಾರ. ಭತ್ತದ ಅರಳಿಗಂತೂ ವಿವಾಹಮಂಟಪದಲ್ಲಿಯೇ ಸ್ಥಾನವಿದೆ. ಲಾಜಾಹೋಮದಲ್ಲಿ ವಧುವಿನ ಸಹೋದರನು ಅವಳ ಬೊಗಸೆಗೆ ಅರಳನ್ನು ಸುರಿಯುತ್ತಾನೆ. ಅವಳು ಅದನ್ನು ಅಗ್ನಿಗೆ ಅರ್ಪಿಸುತ್ತಾಳೆ. ‘ಲಾಜ’ ಎಂದರೆ ಸಂಸ್ಕೃತದಲ್ಲಿ ಅರಳು ಎಂದೇ ಅರ್ಥ. ಇನ್ನು ದಾವಣಗೆರೆಯ ಭಟ್ಟಿಗಳಿಂದ ಹೊರಬರುವ ಮಂಡಕ್ಕಿಯನ್ನು ಅರಿಯದವರು ಯಾರು? ಅದೇ ಪದಾರ್ಥ ಮೈಸೂರಿನ ಕಡೆ ‘ಪುರಿ’, ಧಾರವಾಡದ ಕಡೆ ‘ಚುರುಮುರಿ’.

ಇಂದು ‘ಪಾಪ್‌ಕಾರ್ನ್’ ಎಂಬ ಹೆಸರಿನಿಂದ ಜಾತ್ರೆಯಲ್ಲಿಯೂ ಚಿತ್ರಮಂದಿರದಲ್ಲಿಯೂ ಮಾರಾಟವಾಗುವ ತಿನಿಸು ಇದೇ ಮನೆತನಕ್ಕೆ ಸೇರಿದ್ದು. ಅದು ಮೆಕ್ಕೆಜೋಳದ ಅರಳು. ಗೋವಿನಜೋಳ, ಮುಸುಕಿನಜೋಳ ಎಂಬ ಹೆಸರುಗಳೂ ಇರುವ ಈ ಧಾನ್ಯದ ತವರು ಅಮೆರಿಕ ಖಂಡ. ಯೂರೋಪಿನ ನಾವಿಕರು ಆ ಖಂಡವನ್ನು ತಲಪಿದ ಮೇಲೆ ಅದು ಹಡಗುಗಳನ್ನೇರಿ ಲೋಕದ ಇತರ ಭಾಗಗಳಿಗೆ ಹರಡಿತು. ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರ ಕರಾವಳಿಯಲ್ಲಿ ಪಾರೆದೋನೆಸ್ ಮತ್ತು ವಾಕಾ ಪ್ರಿಯೇತಾ ಎಂಬ ಎರಡು ಪ್ರಾಚೀನ ನೆಲೆಗಳಿವೆ. ಅಲ್ಲಿ ದೊರೆತ ತೆನೆ, ದಂಟು, ಸಿಪ್ಪೆಗಳ ಅವಶೇಷಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು ೬೭೦೦ ವರ್ಷಗಳ ಹಿಂದೆಯೇ ಆ ಜನರು ಮೆಕ್ಕೆಜೋಳವನ್ನು ಅರಳಿಸಿ ತಿನ್ನುತ್ತಿದ್ದರೆಂದು ೨೦೧೨ರಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಅಲ್ಲಿ ಮಣ್ಣಿನ ಮಡಕೆಯೇ ಇನ್ನೂ ಬಳಕೆಗೆ ಬಂದಿರಲಿಲ್ಲ. ಪಾತ್ರೆಗಿಂತ ಮೊದಲೇ ಅರಳು ಬಂದಿತು ಎಂಬುದು ಯೋಚಿಸತಕ್ಕ ಸಂಗತಿ.

ಈಗ ಕಾಳಿನ ಒಳಗನ್ನು ನೋಡೋಣ. ಮೆಕ್ಕೆಜೋಳದ ಕಾಳಿಗೆ ಹೊರಗೆ ಗಟ್ಟಿಯಾದ ಒಂದು ಕವಚವಿದೆ. ಒಳಗೆ ಒತ್ತಾಗಿ ತುಂಬಿದ ಪಿಷ್ಟವಿದೆ. ಆ ಪಿಷ್ಟದಲ್ಲಿ ಕಣ್ಣಿಗೆ ಕಾಣದಂತೆ ನೀರು ಹುದುಗಿದೆ. ಒಣಗಿದ ಕಾಳಿನಲ್ಲಿ ನೀರೆಲ್ಲಿ ಎಂದು ನೀವು ಕೇಳಬಹುದು. ಕೈಗೆ ಒಣಗಿದಂತೆ ತೋರುವ ಒಳ್ಳೆಯ ಕಾಳಿನಲ್ಲಿಯೂ ಅದರ ತೂಕದ ನೂರರಲ್ಲಿ ೧೩ ಅಥವಾ ೧೪ ಭಾಗ ನೀರಿರುತ್ತದೆ. ಕಾಳು ಕಾದಾಗ ಈ ನೀರು ಆವಿಯಾಗಲು ಹವಣಿಸುತ್ತದೆ. ಆವಿಗೆ ಹೆಚ್ಚು ಸ್ಥಳ ಬೇಕು. ಆದರೆ ಕವಚ ಎಡೆಗೊಡುವುದಿಲ್ಲ. ಆದುದರಿಂದ ಒಳಗಣ ಒತ್ತಡ ಏರುತ್ತಾ ಹೋಗುತ್ತದೆ. ಅದೇ ಸಮಯದಲ್ಲಿ ಆ ಬಿಸಿಯೂ ತೇವವೂ ಸೇರಿ ಗಟ್ಟಿಯಾಗಿದ್ದ ಪಿಷ್ಟವನ್ನು ಗಂಜಿಯಂತೆ ಮೆತ್ತಗೆ ಮಾಡುತ್ತವೆ. ಉಷ್ಣತೆ ಸುಮಾರು ೧೮೦ ಡಿಗ್ರಿ ಸೆಲ್ಸಿಯಸ್ ಮುಟ್ಟುವ ವೇಳೆಗೆ ಒಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡದ ಒಂಬತ್ತು ಹತ್ತು ಪಟ್ಟು ಆಗಿರುತ್ತದೆ. ನಮ್ಮ ಮನೆಯ ಪ್ರೆಷರ್ ಕುಕ್ಕರಿನಲ್ಲಿ ಉಂಟಾಗುವ ಒತ್ತಡ ಹೊರಗಿನದರ ಎರಡು ಪಟ್ಟಿನಷ್ಟು ಎಂಬುದನ್ನು ನೆನೆದರೆ, ಈ ಚಿಕ್ಕ ಕಾಳಿನ ಸಹನೆ ಎಷ್ಟೆಂಬುದು ತಿಳಿದೀತು.

ಕಡೆಗೊಮ್ಮೆ ಕವಚ ಸೋಲುತ್ತದೆ; ಬಿರುಕು ಬಿಡುತ್ತದೆ. ಬಂಧಿಯಾಗಿದ್ದ ಆವಿ ಒಮ್ಮೆಲೇ ಹೊರನುಗ್ಗುತ್ತದೆ. ಮೆತ್ತಗಾಗಿದ್ದ ಪಿಷ್ಟವನ್ನು ಅದು ನೊರೆಯಂತೆ ಉಬ್ಬಿಸುತ್ತದೆ. ಹೊರಗಿನ ಗಾಳಿ ತಾಗಿದ ಕೂಡಲೆ ಆ ನೊರೆ ಆರಿ, ಉಬ್ಬಿದ ರೂಪದಲ್ಲಿಯೇ ಗಟ್ಟಿಯಾಗುತ್ತದೆ. ನಾವು ತಿನ್ನುವ ಅರಳು ಈ ಗಟ್ಟಿಗೊಂಡ ನೊರೆಯೇ ಹೊರತು ಬೇರೆಯಲ್ಲ. ಹೀಗೆ ಕಾಳನ್ನು ಅರಳಿಸುವುದು ಬೆಂಕಿಯೊಂದೇ ಅಲ್ಲ; ಅದರೊಳಗೆ ಅಡಗಿದ್ದ ನೀರಿನ ಹನಿಯೂ ಹೌದು.

ಕನ್ನಡದಲ್ಲಿ ‘ಹದ’ ಎಂಬ ಮಾತೊಂದಿದೆ. ಬಿತ್ತನೆಗೆ ನೆಲದ ಹದ ಬೇಕು. ಕಮ್ಮಾರನಿಗೆ ಕಬ್ಬಿಣದ ಹದ ತಿಳಿದಿರಬೇಕು. ಆಲೆಮನೆಯಲ್ಲಿ ಪಾಕದ ಹದ ತಪ್ಪಿದರೆ ಬೆಲ್ಲ ಕೆಟ್ಟಿತು. ಹದವೆಂದರೆ ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಸರಿಯಾದ ಸ್ಥಿತಿ. ಅರಳು ಮಾಡುವ ವಿದ್ಯೆಯೂ ಹದದ ವಿದ್ಯೆಯೇ. ಅದರಲ್ಲಿ ಮೂರು ಹದಗಳು ಕೂಡಿಬರಬೇಕು: ಬೆಂಕಿಯ ಹದ, ನೀರಿನ ಹದ, ಕಾಳಿನ ಹದ.

ಮೊದಲನೆಯದು ಬೆಂಕಿಯ ಹದ. ಫ್ರಾನ್ಸ್ ದೇಶದ ಎಮ್ಯಾನುಯೆಲ್ ವೀರೋ ಮತ್ತು ಅಲೆಕ್ಸಾಂಡರ್ ಪೊನೊಮಾರೆಂಕೊ ಎಂಬ ಇಬ್ಬರು ವಿಜ್ಞಾನಿಗಳು ಮೆಕ್ಕೆಜೋಳ ಬಿರಿಯುವುದನ್ನು ಅತಿವೇಗದ ಕ್ಯಾಮರಾದಿಂದ ಚಿತ್ರಿಸಿ, ತಮ್ಮ ಪ್ರಯೋಗಗಳ ಫಲವನ್ನು ೨೦೧೫ರಲ್ಲಿ ಪ್ರಕಟಿಸಿದರು. ೧೭೦ ಡಿಗ್ರಿಯ ಉಷ್ಣತೆಯಲ್ಲಿ ನೂರಕ್ಕೆ ೩೪ ಕಾಳುಗಳು ಮಾತ್ರ ಅರಳಿದವು. ೧೮೦ ಡಿಗ್ರಿಯಲ್ಲಿ ೯೬ ಅರಳಿದವು. ಕೇವಲ ಹತ್ತು ಡಿಗ್ರಿಗಳ ಅಂತರದಲ್ಲಿ ಎಷ್ಟೊಂದು ವ್ಯತ್ಯಾಸ! ಕಾಳು ಬಿರಿಯುವಾಗ ಕೇಳುವ ‘ಪಟ್’ ಎಂಬ ಸದ್ದು ಕವಚ ಒಡೆದ ಸದ್ದಲ್ಲ, ಆವಿ ಹೊರಗೆ ನುಗ್ಗಿದ ಸದ್ದು ಎಂದೂ ಅವರು ತೋರಿಸಿದರು.

ಉಷ್ಣಮಾಪಕವಿಲ್ಲದ ನಮ್ಮ ಒಲೆಗಳ ಮುಂದೆ ಈ ಹದವನ್ನು ತಿಳಿಯುತ್ತಿದ್ದುದು ಹೇಗೆ? ಕಾದ ಬಾಣಲೆಗೆ ಮೊದಲು ನಾಲ್ಕೇ ಕಾಳು ಹಾಕಿ ನೋಡುವುದು ವಾಡಿಕೆ. ಅವು ತಡವಾಗಿ ಬಿರಿದರೆ ಉರಿ ಸಾಲದು. ಬಿದ್ದೊಡನೆ ಕಂದಿದರೆ ಉರಿ ಹೆಚ್ಚಾಯಿತು. ಉರಿ ಸಾಲದಿದ್ದರೆ ನೀರಿನಂಶ ಕಾಳಿನ ಬುಡದ ಸಂದಿಯಿಂದ ನಿಧಾನವಾಗಿ ಸೋರಿಹೋಗುತ್ತದೆ. ಕಾಳು ಹುರಿದೀತು, ಅರಳದು. ಉರಿ ಅತಿಯಾದರೆ ಒಳಗಿನ ಪಿಷ್ಟ ಪೂರ್ತಿ ಮೆತ್ತಗಾಗುವ ಮುನ್ನವೇ ಕವಚ ಒಡೆದು, ಅರಳು ಗಿಡ್ಡಾಗಿ ಗಟ್ಟಿಯಾಗಿ ಉಳಿಯುತ್ತದೆ. ಆ ನಾಲ್ಕು ಕಾಳುಗಳೇ ಅವರ ಉಷ್ಣಮಾಪಕ.

ಎರಡನೆಯದು ನೀರಿನ ಹದ. ಅಳ್ಳು ಹುರಿಯುವ ಮನೆಗಳಲ್ಲಿ ಜೋಳಕ್ಕೆ ಮೊದಲು ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬಳಿಕ ನೆರಳಿನಲ್ಲಿ ಆರಹಾಕುವುದುಂಟು. ರಾಗಿಗೂ ಇದೇ ಉಪಚಾರ. ಹುರಿಯುವ ಧಾನ್ಯಕ್ಕೆ ನೀರೇಕೆ, ಒಣಗಿದ್ದರೇ ಒಳ್ಳೆಯದಲ್ಲವೆ ಎಂದು ನೋಡುವವರಿಗೆ ತೋರಬಹುದು. ಆದರೆ ಕಣಜದಲ್ಲಿ ತಿಂಗಳುಗಟ್ಟಲೆ ಕುಳಿತ ಕಾಳು ತನ್ನ ತೇವವನ್ನು ಕಳೆದುಕೊಂಡಿರುತ್ತದೆ; ಆವಿಯೇ ಇಲ್ಲದೆ ಅದು ಅರಳುವುದೆಂತು? ಚಿಮುಕಿಸಿದ ನೀರು ಮೇಲೆ ನಿಂತರೆ ಪ್ರಯೋಜನವಿಲ್ಲ, ಒಳಗೆ ಇಳಿಯಬೇಕು, ಅದಕ್ಕಾಗಿ ಕಟ್ಟಿಡುವುದು. ಮೇಲಿನ ಹಸಿ ಹೋಗಬೇಕು, ಒಳಗಿನ ತೇವ ಉಳಿಯಬೇಕು. ಅದಕ್ಕಾಗಿ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಆರಿಸುವುದು. ಅಕ್ಷರವನ್ನು ಅರಿಯದ ಎಷ್ಟೋ ಮಂದಿ ಮುದುಕಿಯರು ಪ್ರತಿವರ್ಷ ಮಾಡುತ್ತಿದ್ದ ಈ ಕೆಲಸದಲ್ಲಿ ಒಂದೂ ವ್ಯರ್ಥ ಹೆಜ್ಜೆಯಿಲ್ಲ.

ಮೂರನೆಯದು ಕಾಳಿನ ಹದ. ಎಲ್ಲ ಮೆಕ್ಕೆಜೋಳವೂ ಅರಳುವುದಿಲ್ಲ. ಕೋಳಿಗಳಿಗೆ ಹಾಕುವ ದಪ್ಪ ಕಾಳು, ಸುಟ್ಟು ತಿನ್ನುವ ಎಳೆಯ ತೆನೆಯ ಕಾಳು ಇವು ಬೆಂಕಿಯಲ್ಲಿ ಒಡೆಯಬಹುದಲ್ಲದೆ ಹೂವಾಗಲಾರವು. ಅರಳುವ ತಳಿಯ ಕಾಳು ಗಾತ್ರದಲ್ಲಿ ಚಿಕ್ಕದು. ಅದರ ಕವಚ ಗಟ್ಟಿ, ಒಳಗಣ ಪಿಷ್ಟವೂ ಗಾಜಿನಂತೆ ಬಿಗಿ. ಜೋಳದಲ್ಲಿಯೂ ಅಳ್ಳಿಗೆಂದೇ ಆರಿಸಿ ಬೆಳೆಸಿದ ತಳಿಗಳಿವೆ. ಒಳ್ಳೆಯ ತಳಿಯ ಕಾಳಾದರೂ ಕವಚದಲ್ಲಿ ಕೂದಲಿನಷ್ಟು ಬಿರುಕಿದ್ದರೆ ಆವಿ ಅಲ್ಲಿಂದಲೇ ಸೋರಿಹೋಗುತ್ತದೆ. ಬಾಣಲೆಯ ತಳದಲ್ಲಿ ಅರಳದೆ ಉಳಿಯುವ ಕಾಳುಗಳು ಬಹುಮಟ್ಟಿಗೆ ಇಂಥವು: ಒಂದೋ ತೇವ ಕಳೆದುಕೊಂಡವು, ಇಲ್ಲವೇ ಕವಚ ಬಿರಿದವು. ನಾವು ಮೊದಲು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ಮೂರು ಹದಗಳನ್ನು ಒಂದೆಡೆ ಕೂಡಿಸಲು ನಮ್ಮ ಹಿರಿಯರು ಆರಿಸಿಕೊಂಡ ಸಾಧನ ಮರಳು. ಬರಿಯ ಬಾಣಲೆಯಲ್ಲಿ ಕಾಳಿಗೆ ಬಿಸಿ ತಗಲುವುದು ಅದು ಲೋಹವನ್ನು ಮುಟ್ಟಿದ ಒಂದೇ ಬಿಂದುವಿನಲ್ಲಿ. ಅಲ್ಲಿ ಕಂದುತ್ತದೆ, ಮೇಲೆ ತಣ್ಣಗಿರುತ್ತದೆ. ಆದ್ದರಿಂದಲೇ ಬರಿಯ ಬಾಣಲೆಯಲ್ಲಿ ಅಳ್ಳು ಹುರಿಯುವವರು ಬಟ್ಟೆ ಸುತ್ತಿದ ಕೋಲಿನಿಂದ ಎಡೆಬಿಡದೆ ಆಡಿಸುತ್ತಾರೆ. ಕಾದ ಮರಳಾದರೆ ಕಾಳನ್ನು ಎಲ್ಲ ಕಡೆಗಳಿಂದಲೂ ಏಕಕಾಲದಲ್ಲಿ ತಬ್ಬಿಕೊಳ್ಳುತ್ತದೆ. ಮರಳಿನ ರಾಶಿ ದೊಡ್ಡದು, ಹಾಕುವ ಕಾಳು ಒಂದು ಹಿಡಿ. ಆದುದರಿಂದ ತಣ್ಣನೆಯ ಕಾಳು ಬಿದ್ದರೂ ಮರಳಿನ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಮರಳು ಸುಡುವುದಿಲ್ಲ, ಕರಗುವುದಿಲ್ಲ, ಅಂಟುವುದಿಲ್ಲ. ಕೆಲಸ ಮುಗಿದ ಮೇಲೆ ಜರಡಿ ಹಿಡಿದರೆ ಮರಳು ಕೆಳಗೆ, ಅರಳು ಮೇಲೆ. ಅದೇ ಮರಳನ್ನು ಮತ್ತೆ ಮತ್ತೆ ಉಪಯೋಗಿಸಬಹುದು. ಇಷ್ಟು ಗುಣಗಳುಳ್ಳ ವಸ್ತು ಹಳ್ಳದ ದಂಡೆಯಲ್ಲಿ ಬೆಲೆಯಿಲ್ಲದೆ ದೊರೆಯುತ್ತಿತ್ತು.

ಅಕ್ಕಿಯ ಮಂಡಕ್ಕಿಯಲ್ಲಿ ಈ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಭತ್ತದ ಅರಳಿಗೆ ಹೊಟ್ಟೇ ಕವಚ. ಅರಳಿದ ಮೇಲೆ ಹೊಟ್ಟನ್ನು ಕೇರಿ ತೆಗೆಯುತ್ತಾರೆ. ಮಂಡಕ್ಕಿಗೆ ಉಪಯೋಗಿಸುವ ಅಕ್ಕಿಗೆ ಹೊಟ್ಟೇ ಇಲ್ಲ. ಕವಚವಿಲ್ಲದ ಕಾಳು ಆವಿಯನ್ನು ಹಿಡಿದಿಡುವುದು ಹೇಗೆ? ಇದಕ್ಕೆ ಉಪಾಯವಾಗಿ ಭತ್ತವನ್ನು ಮೊದಲು ನೆನೆಸಿ, ಕುದಿಸಿ, ಒಣಗಿಸಿ, ಬಳಿಕ ಅಕ್ಕಿ ಮಾಡುತ್ತಾರೆ. ಹೀಗೆ ಮಾಡುವುದರಿಂದ ಅಕ್ಕಿಯ ಪಿಷ್ಟವೆಲ್ಲ ಒಂದಾಗಿ ಬೆಸೆದುಕೊಂಡು, ಕಾಳು ಬಿಗಿಯಾಗುತ್ತದೆ. ಅದಕ್ಕೆ ಉಪ್ಪುನೀರು ಕಲಸಿ, ಹದವಾಗಿ ಆರಿಸಿ, ಚೆನ್ನಾಗಿ ಕಾದ ಮರಳಿಗೆ ಎರಚುತ್ತಾರೆ. ಒಳಗಿನ ನೀರು ನುಸುಳಿಹೋಗಲು ಸಮಯವೇ ದೊರೆಯದೆ, ಕೆಲವೇ ಕ್ಷಣಗಳಲ್ಲಿ ಆವಿಯಾಗಿ ಕಾಳನ್ನು ಉಬ್ಬಿಸಿಬಿಡುತ್ತದೆ. ಇಲ್ಲಿ ಕವಚದ ಕೆಲಸವನ್ನು ಮಾಡುವುದು ವೇಗ. ಆ ಕ್ಷಣ ಕಳೆದು ಸ್ವಲ್ಪ ತಡವಾದರೂ ಮಂಡಕ್ಕಿ ಕಂದುತ್ತದೆ.

ಯಂತ್ರದ ಸಹಾಯವಿಲ್ಲದೆ ಮೆಕ್ಕೆಜೋಳವನ್ನು ಅರಳಿಸುವುದು ನಿಮಗೂ ಸಾಧ್ಯ. ಮನೆಯ ಹಿರಿಯರೊಬ್ಬರು ಜೊತೆಯಲ್ಲಿರುವಾಗ ಮಾತ್ರ ಇದನ್ನು ಮಾಡಿರಿ. ಕಾದ ಎಣ್ಣೆಯೊಡನೆ ಆಟ ಸಲ್ಲದು. ದಪ್ಪ ತಳದ, ಮುಚ್ಚಳವಿರುವ ಪಾತ್ರೆಯಲ್ಲಿ ಎರಡು ಮೂರು ಚಮಚ ಎಣ್ಣೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿರಿ. ಇಲ್ಲಿ ಎಣ್ಣೆಯೇ ಮರಳಿನ ಕೆಲಸವನ್ನು ಮಾಡುತ್ತದೆ. ಮೊದಲು ಮೂರು ಕಾಳು ಹಾಕಿ ಮುಚ್ಚಿರಿ. ಅವು ಬಿರಿದ ಬಳಿಕ ಪಾತ್ರೆಯ ತಳವನ್ನು ಒಂದೇ ಪದರವಾಗಿ ಮುಚ್ಚುವಷ್ಟು ಕಾಳು ಸುರಿಯಿರಿ. ಮುಚ್ಚಳವನ್ನು ತೀರ ಬಿಗಿಯದೆ, ಆವಿ ಹೊರಹೋಗಲು ಸಣ್ಣ ಸಂದು ಬಿಡಬೇಕು. ಆವಿ ಒಳಗೇ ನಿಂತರೆ ಅರಳು ಮೆತ್ತಗಾಗುತ್ತದೆ. ಪಾತ್ರೆಯ ಹಿಡಿಯನ್ನು ಒಣಬಟ್ಟೆಯಿಂದ ಹಿಡಿದು ಆಗಾಗ ಅಲುಗಿಸುತ್ತಿರಿ; ಅರಳದ ಕಾಳು ಭಾರವಾದುದರಿಂದ ತಳಕ್ಕಿಳಿದು ಬಿಸಿಯನ್ನು ಪಡೆಯುತ್ತದೆ. ಇನ್ನು ಮುಂದೆ ಕಿವಿಯೇ ನಿಮ್ಮ ಗುರು. ಒಂದೊಂದಾಗಿ ಆರಂಭವಾದ ಸದ್ದು ಮಳೆಯಂತೆ ಒತ್ತಾಗಿ, ಮತ್ತೆ ವಿರಳವಾಗುತ್ತದೆ. ಎರಡು ಸದ್ದುಗಳ ನಡುವೆ ಎರಡು ಎಣಿಸುವಷ್ಟು ಬಿಡುವು ಬಂದಾಗ ಪಾತ್ರೆಯನ್ನು ಇಳಿಸಿರಿ. ಉಪ್ಪನ್ನು ಕಡೆಯಲ್ಲಿ ಉದುರಿಸಿದರೆ ಸಾಕು. ಕಾಳು ಹಳತಾಗಿ ಅರಳದಿದ್ದರೆ ಎಸೆಯಬೇಡಿರಿ. ಮೂರು ಬಟ್ಟಲು ಕಾಳಿಗೆ ಒಂದು ದೊಡ್ಡ ಚಮಚ ನೀರು ಬೆರೆಸಿ, ಬಿಗಿಯಾದ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟು, ನಡುನಡುವೆ ಅಲುಗಿಸಿ, ಮತ್ತೆ ಪ್ರಯತ್ನಿಸಿರಿ.

ಕಾಲಕ್ರಮದಲ್ಲಿ ಈ ಕೆಲಸಕ್ಕೂ ಯಂತ್ರಗಳು ಬಂದವು. ಅಮೆರಿಕದ ಶಿಕಾಗೋ ನಗರದಲ್ಲಿ ಚಾರ್ಲ್ಸ್ ಕ್ರೆಟರ್ಸ್ ಎಂಬಾತನು ೧೮೮೫ರಲ್ಲಿ ತನ್ನ ಉದ್ಯಮವನ್ನು ಆರಂಭಿಸಿದನು; ಆವಿಯಂತ್ರದಿಂದ ನಡೆಯುವ ಅವನ ಅರಳುಗಾಡಿಯನ್ನು ೧೮೯೩ರ ಶಿಕಾಗೋ ವಿಶ್ವಪ್ರದರ್ಶನದಲ್ಲಿ ಜನರು ಕಂಡರು. ಅದೇ ದೇಶದ ಪರ್ಸಿ ಸ್ಪೆನ್ಸರ್ ಎಂಬ ಇಂಜಿನಿಯರು ೧೯೪೫ರ ಸುಮಾರಿನಲ್ಲಿ ರೇಡಾರಿನ ಸೂಕ್ಷ್ಮತರಂಗಗಳಿಂದ ಆಹಾರ ಬಿಸಿಯಾಗುವುದನ್ನು ಗಮನಿಸಿ, ಪರೀಕ್ಷೆಗಾಗಿ ಮೆಕ್ಕೆಜೋಳದ ಕಾಳುಗಳನ್ನು ಅರಳಿಸಿ ನೋಡಿದನು. ಮೈಕ್ರೋವೇವ್ ಒಲೆಯ ಇತಿಹಾಸ ಅಲ್ಲಿಂದ ಮೊದಲಾಯಿತು. ಇಂದು ಕಾಗದದ ಚೀಲವನ್ನು ಆ ಒಲೆಯಲ್ಲಿಟ್ಟು ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಅರಳು ಸಿದ್ಧ. ಆದರೆ ಆ ಚೀಲದೊಳಗೂ ಕೆಲಸ ಮಾಡುವುದು ಅದೇ ನೀರು, ಅದೇ ಕವಚ, ಅದೇ ಆವಿ. ಬದಲಾದುದು ಬಿಸಿ ಬರುವ ದಾರಿಯೇ ಹೊರತು ಕಾಳಿನ ನಿಯಮವಲ್ಲ.

ಯಂತ್ರವನ್ನು ಹಳಿಯುವುದು ಈ ಪಾಠದ ಉದ್ದೇಶವಲ್ಲ. ಭಟ್ಟಿಯ ಉರಿಯ ಮುಂದೆ ಹಗಲೆಲ್ಲ ನಿಂತು, ಹೊಗೆ ಕುಡಿದು, ಬೆವರು ಸುರಿಸಿ ದುಡಿಯುವವರ ಶ್ರಮವನ್ನು ಯಂತ್ರವೊಂದು ಕಡಿಮೆ ಮಾಡುವುದಾದರೆ ಅದನ್ನು ಸ್ವಾಗತಿಸಲೇಬೇಕು. ಕಷ್ಟವನ್ನು ದೂರದಿಂದ ನೋಡಿ ಹೊಗಳುವುದು ಸುಲಭ. ಅದನ್ನು ಅನುಭವಿಸುವವರ ಕಣ್ಣಿನ ಉರಿ ಬೇರೆ. ಆದರೆ ಒಂದು ಮಾತನ್ನು ನಾವು ಮರೆಯಬಾರದು. ಗುಂಡಿ ಒತ್ತುವವನು ಹದವನ್ನು ಅರಿಯಬೇಕಾಗಿಲ್ಲ. ಅದನ್ನು ಅವನ ಪರವಾಗಿ ಬೇರೆ ಯಾರೋ ಅರಿತು ಯಂತ್ರದಲ್ಲಿ ಅಡಗಿಸಿಟ್ಟಿದ್ದಾರೆ. ಮರಳಿನ ಬಾಣಲೆಯ ಮುಂದೆ ಕುಳಿತವಳು ಕಣ್ಣು, ಕಿವಿ, ಮೂಗು, ಕೈ ಇವೆಲ್ಲವುಗಳಿಂದಲೂ ಹದವನ್ನು ತಾನೇ ಅಳೆಯಬೇಕು. ಅವಳ ಅಳತೆಯನ್ನು ಯಾರೂ ಬರೆದಿಡಲಿಲ್ಲ. ಅದು ತಾಯಿಯಿಂದ ಮಗಳಿಗೆ, ಕೈಯಿಂದ ಕೈಗೆ ಸಾಗಿಬಂದಿತು. ಹೀಗೆ ಸಾಗುವ ತಿಳಿವಳಿಕೆಗೆ ಒಂದು ಅಪಾಯವಿದೆ: ಒಂದೇ ಒಂದು ತಲೆಮಾರು ಕಲಿಯದೆ ಬಿಟ್ಟರೆ ಅದು ಮರೆಯಾಗುತ್ತದೆ. ಅಳ್ಳು ಹುರಿಯುವವರು ಇಲ್ಲವಾದರೆ ಅಳ್ಳಿನ ಜೋಳವನ್ನು ಬಿತ್ತುವವರೂ ಇಲ್ಲವಾಗುತ್ತಾರೆ. ಬಿತ್ತದ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ನಿಮಗೆ ಅವರಿಗಿಲ್ಲದ ಒಂದು ಅನುಕೂಲವಿದೆ. ನೀರು ಚಿಮುಕಿಸಬೇಕೆಂದು ಅವರಿಗೆ ಗೊತ್ತಿತ್ತು. ಏಕೆ ಚಿಮುಕಿಸಬೇಕೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಕಾರಣವನ್ನು ಬಲ್ಲವರು ಕೈಕೆಲಸವನ್ನೂ ಕಲಿತರೆ, ಕೈಕೆಲಸ ಬಲ್ಲವರಿಗೆ ಕಾರಣವೂ ತಿಳಿದರೆ, ಆ ವಿದ್ಯೆ ಎರಡು ಕಾಲುಗಳ ಮೇಲೆ ನಿಂತಂತಾಗುತ್ತದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅರಳು ಮಾಡಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು, ಯಾವ ಕಾಳು, ಎಷ್ಟು ನೀರು, ಎಷ್ಟು ಹೊತ್ತು, ಎಂತಹ ಉರಿ ಎಂದು ಕೇಳಿರಿ; ಕೇಳಿದುದನ್ನು ಬರೆದಿಡಿರಿ. ಅವರು ‘ಅದಕ್ಕೆ ಲೆಕ್ಕವಿಲ್ಲ, ಹದ ನೋಡಬೇಕು’ ಎಂದಾರು. ಆಗ ಪುಸ್ತಕವನ್ನು ಬದಿಗಿಟ್ಟು, ಅವರ ಕೈಯನ್ನು ನೋಡಿರಿ.

ಅಭ್ಯಾಸ

೧. ‘ಅರಳು’ ಎಂಬ ಮಾತು ಹೂವಿಗೂ ಕಾಳಿಗೂ ಹೇಗೆ ಒಪ್ಪುತ್ತದೆ?
೨. ಕಾಳು ಅರಳಲು ಬೇಕಾದ ಮೂರು ಹದಗಳು ಯಾವುವು? ಒಂದೊಂದನ್ನೂ ವಿವರಿಸಿರಿ.
೩. ಹುರಿಯುವ ಜೋಳಕ್ಕೆ ಮೊದಲು ನೀರು ಚಿಮುಕಿಸಿ, ನೆರಳಿನಲ್ಲಿ ಆರಿಸುವುದೇಕೆ?
೪. ಭತ್ತದ ಅರಳಿಗೂ ಮಂಡಕ್ಕಿಗೂ ಇರುವ ವ್ಯತ್ಯಾಸವೇನು?
೫. ಯಂತ್ರದ ವಿಷಯದಲ್ಲಿ ಲೇಖಕರ ಅಭಿಪ್ರಾಯವೇನು? ಅದನ್ನು ನೀವು ಒಪ್ಪುವಿರಾ? ಕಾರಣ ಕೊಡಿರಿ.
೬. ಹಿರಿಯರ ನೆರವಿನಿಂದ ಮಾಡಿ ನೋಡಿರಿ: ಮೆಕ್ಕೆಜೋಳದ ಹತ್ತು ಕಾಳುಗಳನ್ನು ಹಾಗೆಯೇ ಇರಿಸಿ, ಇನ್ನು ಹತ್ತಕ್ಕೆ ಸೂಜಿಯಿಂದ ಚುಚ್ಚಿ ರಂಧ್ರ ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ಅರಳಿಸಿರಿ. ಕಂಡುದನ್ನು ಬರೆದು, ಕಾರಣವನ್ನು ತಿಳಿಸಿರಿ.